ಗಾಜಿನ ತೊಟ್ಟಿಯಲ್ಲೊಂದು ಹವಳದ ತೋಟ: ದುಡ್ಡು ಸೋರುವುದು ಎಲ್ಲಿ?



ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಇತ್ತೀಚೆಗೆ ಭಾನುವಾರದ ಪೂಜೆ ಮುಗಿದ ಮೇಲೆ ಒಂದು ದೂರು ತಂದರು. ಅವರ ಹಿರಿಯ ಮಗ ಕೊಲ್ಲಿ ದೇಶದಲ್ಲಿ ದುಡಿಯುತ್ತಾನೆ. "ಫಾದರ್, ಅವನಿಗೆ ಕುಡಿತ ಇಲ್ಲ, ಜೂಜಿಲ್ಲ. ಆದರೆ ಮನೆಯೊಳಗೆ ಸಮುದ್ರ ಕಟ್ಟಲಿಕ್ಕೆ ಹೊರಟಿದ್ದಾನೆ. ಗಾಜಿನ ಪೆಟ್ಟಿಗೆಯಲ್ಲಿ ಹವಳ ಬೆಳೆಸುತ್ತಾನಂತೆ. ಸಂಬಳದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ ಎಂದು ಸೊಸೆ ಫೋನಿನಲ್ಲಿ ಅಳುತ್ತಾಳೆ. ಈಗ ಚಿಕ್ಕವನೂ ಇಲ್ಲಿ ಅದನ್ನೇ ಶುರು ಮಾಡುತ್ತೇನೆಂದು ಹಟ ಹಿಡಿದಿದ್ದಾನೆ. ನೀವೇ ಒಂದು ಮಾತು ಹೇಳಿ ಬಿಡಿಸಿ" ಎಂದರು.

ಬಿಡಿಸುವುದು ಸುಲಭ. ಆದರೆ ಈ ಹವ್ಯಾಸದಲ್ಲಿ ಕೆಟ್ಟದ್ದೇನೂ ಇಲ್ಲ. ಗುರುಮಠದಲ್ಲಿ ನಮಗೆ ತತ್ವಶಾಸ್ತ್ರ ಕಲಿಸುವಾಗ ಅರಿಸ್ಟಾಟಲನ ಒಂದು ವಿಚಾರವನ್ನು ಒತ್ತಿ ಹೇಳುತ್ತಿದ್ದರು: ಹಣದ ವಿಷಯದಲ್ಲಿ ದುಂದುಗಾರಿಕೆ ಒಂದು ತುದಿ, ಜಿಪುಣತನ ಇನ್ನೊಂದು ತುದಿ, ಸದ್ಗುಣ ಇರುವುದು ನಡುವೆ. ಅದೇ ಅರಿಸ್ಟಾಟಲ್ ಗ್ರೀಸಿನ ಲೆಸ್ಬೋಸ್ ದ್ವೀಪದ ಹಿನ್ನೀರಿನ ದಡದಲ್ಲಿ ಮೀನು, ಏಡಿ, ಕಡಲ ಸೌತೆಗಳನ್ನು ದಿನಗಟ್ಟಲೆ ನೋಡುತ್ತಾ ಅವುಗಳ ಬಗ್ಗೆ ಬರೆದನೆಂಬುದನ್ನು ನಾವು ಆಗ ಅಷ್ಟಾಗಿ ಗಮನಿಸುತ್ತಿರಲಿಲ್ಲ. ಸಮುದ್ರದ ಜೀವಿಗಳನ್ನು ಕುತೂಹಲದಿಂದ ನೋಡುವ ಮಗನನ್ನು ಬೈಯುವುದಕ್ಕಿಂತ, ಅವನ ಹಣ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ಮೇಲು. ಆದುದರಿಂದ ಈ ವಾರದ ಪಾಠ ಹವಳದ ತೊಟ್ಟಿಯ ಕುರಿತು.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಹವಳ ಕಲ್ಲಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ಸಣ್ಣ ಸಣ್ಣ ಬಾಯಿಗಳುಳ್ಳ ಮೃದು ಜೀವಿಗಳು ಒಟ್ಟಾಗಿ ವಾಸಿಸುತ್ತಾ ತಮ್ಮ ಕೆಳಗೆ ಸುಣ್ಣದ ಗೂಡು ಕಟ್ಟುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ನೆಲೆಸಿರುತ್ತದೆ. ಆ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಬಡಿಸುತ್ತದೆ. ಹವಳದ ದಿಬ್ಬ ಇರುವ ಕಡಲಿನಲ್ಲಿ ಉಪ್ಪಿನಂಶ, ಶಾಖ, ಸುಣ್ಣದ ಅಂಶ ಇವೆಲ್ಲ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಸಮ ಇರುತ್ತವೆ. ಹೀಗಾಗಿ ಈ ಜೀವಿಗಳಿಗೆ ಬದಲಾವಣೆ ತಡೆದುಕೊಳ್ಳುವ ಅಭ್ಯಾಸವೇ ಇಲ್ಲ. ನೀರಿನ ಶಾಖ ವಾಡಿಕೆಗಿಂತ 1-2 ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ನಿಂತರೆ ಸಾಕು, ಪಾಚಿ ಹೊರಬಿದ್ದು ಹವಳ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಆದದ್ದು ಇದೇ. ಅಷ್ಟು ದೊಡ್ಡ ಸಮುದ್ರದಲ್ಲೇ ಹೀಗಾದರೆ 100 ಲೀಟರಿನ ತೊಟ್ಟಿಯ ಗತಿ ಏನು? ಬಂಡೆಯ ಹಿಂದೆ ಒಂದು ಮೀನು ಸತ್ತು ಕೊಳೆತರೂ ಇಡೀ ತೊಟ್ಟಿ ಕೆಡಬಹುದು.

ಹಣ ಹೋಗುವುದು ಇಲ್ಲಿಯೇ. ಅವಸರದಲ್ಲಿ ಕೊಂಡ ಜೀವಿ ಸಾಯುತ್ತದೆ. ಸತ್ತದ್ದಕ್ಕೆ ಬದಲು ಇನ್ನೊಂದು ಬರುತ್ತದೆ. ಅದೂ ಸಾಯಬಾರದೆಂದು ಒಂದು ಯಂತ್ರ, ಆ ಯಂತ್ರಕ್ಕೊಂದು ಔಷಧಿ. ಲೆಕ್ಕ ಬರೆದಿಟ್ಟು ನೋಡಿದರೆ ಗಾಜು, ದೀಪ, ಪಂಪುಗಳಿಗಿಂತ ಸತ್ತ ಜೀವಿಗಳ ಬಾಬ್ತೇ ದೊಡ್ಡದಾಗಿರುವುದು ಅಪರೂಪವಲ್ಲ.

ಹಿಂದಿನವರು ಹೇಗೆ ಇಟ್ಟರು?

ಇಂಡೋನೇಷ್ಯದ ಜಕಾರ್ತಾದಲ್ಲಿ ಲೀ ಚಿನ್ ಎಂಗ್ ಎಂಬವರಿದ್ದರು. ಅವರು ತಮ್ಮ ತೊಟ್ಟಿಗಳ ವಿಧಾನವನ್ನು 1961ರಲ್ಲಿ ಒಂದು ಅಮೆರಿಕನ್ ಪತ್ರಿಕೆಯಲ್ಲಿ ವಿವರಿಸಿದರು. ಅವರ ಬಳಿ ಇದ್ದದ್ದು ಕಡಲಿನ ನೀರು, ಸೂಕ್ಷ್ಮಜೀವಿಗಳು ತುಂಬಿದ ಕಡಲ ಬಂಡೆ, ಸೂರ್ಯನ ಬೆಳಕು, ಗಾಳಿಗುಳ್ಳೆ ಬಿಡುವ ಒಂದು ಕೊಳವೆ. ಅಷ್ಟೇ! ಬಂಡೆಯಲ್ಲಿರುವ ಜೀವಾಣುಗಳೇ ನೀರನ್ನು ಶುಚಿ ಮಾಡುತ್ತಿದ್ದವು. 1986ರಲ್ಲಿ ಜಾರ್ಜ್ ಸ್ಮಿಟ್ ಎಂಬವರ ಲೇಖನಗಳಿಂದ ಅಮೆರಿಕದಲ್ಲಿ ಈ ಹವ್ಯಾಸ ಜನಪ್ರಿಯವಾದಾಗ, ಜೊತೆಗೆ ನೀರು ಹನಿಹನಿಯಾಗಿ ಸುರಿಯುವ ದೊಡ್ಡ ಶೋಧಕಗಳೂ ಬಂದವು. ದುಬಾರಿ ವ್ಯವಸ್ಥೆ. ಕೆಲವೇ ವರ್ಷಗಳಲ್ಲಿ, ಬರ್ಲಿನ್ನಿನ ಹವ್ಯಾಸಿಗಳ ಸರಳ ಪದ್ಧತಿ ಅದನ್ನು ಹಿಂದೆ ಹಾಕಿತು: ಜೀವಂತ ಬಂಡೆ, ಒಳ್ಳೆಯ ಬೆಳಕು, ನೀರಿನ ಓಟ, ಮತ್ತು ನೊರೆ ತೆಗೆಯುವ ಒಂದು ಸ್ಕಿಮ್ಮರ್. ಮಳೆಗಾಲದಲ್ಲಿ ನಮ್ಮ ಕಡಲ ದಡಕ್ಕೆ ಬಂದು ಬೀಳುವ ಕಂದು ನೊರೆಯನ್ನು ನೀವು ನೋಡಿಲ್ಲವೇ? ನೀರಿನ ಕೊಳೆ ಗುಳ್ಳೆಗೆ ಅಂಟಿಕೊಂಡು ಮೇಲೆ ಬರುತ್ತದೆ. ಸ್ಕಿಮ್ಮರ್ ಮಾಡುವುದೂ ಅದನ್ನೇ.

ಅಂದರೆ ತೊಟ್ಟಿಗೆ ಅಗತ್ಯವಾದ ಮುಖ್ಯ ಶೋಧಕ ಬಂಡೆ ಮತ್ತು ಸಮಯ. ಮೀನಿನ ಹೇಲು, ಉಳಿದ ತಿಂಡಿ ಕೊಳೆತು ಅಮೋನಿಯ ಆಗುತ್ತದೆ. ಅದು ನಂಜು. ಒಂದು ಜಾತಿಯ ಜೀವಾಣು ಅದನ್ನು ನೈಟ್ರೈಟ್ ಆಗಿ ಬದಲಿಸುತ್ತದೆ, ಅದೂ ನಂಜೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಅಪಾಯಕಾರಿಯಲ್ಲ. ಈ ಎರಡೂ ಪಂಗಡ ನೆಲೆಯೂರಲು 4ರಿಂದ 6 ವಾರ ಬೇಕು. ಆ ಅವಧಿಯಲ್ಲಿ ತೊಟ್ಟಿ ಖಾಲಿಯೇ ಇರಬೇಕು. ನೋಡಲು ಬೇಸರ, ನಿಜ. ಬಂಡೆಯ ಮೇಲೆ ಮೊದಲು ಕಂದು ಪಾಚಿ, ಆಮೇಲೆ ಹಸಿರು ಪಾಚಿ ಬರುತ್ತದೆ, ನೆಂಟರು ಬಂದು "ಇದೇನು ಕೊಚ್ಚೆ?" ಎಂದು ಕೇಳುತ್ತಾರೆ. ಆಗಲೇ ಹವ್ಯಾಸಿ ಅಂಗಡಿಗೆ ಓಡಿ ಪಾಚಿ ತೆಗೆಯುವ ಬಾಟಲಿ ತರುವುದು. ತರಬೇಕಾಗಿಲ್ಲ. ಪಾಚಿ ತಿನ್ನುವ ಒಂದೆರಡು ಕಡಲ ಬಸವನಹುಳುಗಳು ಮತ್ತು ಒಂದು ತಿಂಗಳ ತಾಳ್ಮೆ ಸಾಕು.

ಕಂತಿನಲ್ಲಿ ಯಂತ್ರ ಕೊಳ್ಳುವುದರ ಬಗ್ಗೆ ಒಂದು ಮಾತು. ಹೆಂಡತಿಗೆ ಹೇಳದೆ ತಂದ ಸಾಮಾನು ಅಗ್ಗವಾಗಿದ್ದರೂ ಮನೆಗೆ ದುಬಾರಿ. ಸೊಸೆ ಅತ್ತದ್ದು ಮೀನಿಗಾಗಿ ಇರಲಾರದು. ಗಂಡ ಹೆಂಡತಿ ಕುಳಿತು ತಿಂಗಳಿಗೆ ಇಷ್ಟೆಂದು ಒಂದು ಮೊತ್ತ ನಿಗದಿ ಮಾಡಿ, ಮನೆಯ ಲೆಕ್ಕದ ಪುಸ್ತಕದಲ್ಲೇ ಅದನ್ನೂ ಬರೆಯಲಿ. ಹಳೆಯ ಗಾಜಿನ ತೊಟ್ಟಿಯನ್ನು ಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಅಂಗಳದಲ್ಲಿ ಸಮತಟ್ಟಾದ ಹಲಗೆಯ ಮೇಲಿಟ್ಟು ಒಂದು ವಾರ ನೀರು ತುಂಬಿ ಸೋರುತ್ತದೆಯೇ ನೋಡಿ. ಆದರೆ ಹಿಂದಿನವರು ಅದರಲ್ಲಿ ತಾಮ್ರದ ಔಷಧಿ ಬಳಸಿದ್ದರೆ ಬೇಡ. ಮೀನು ತಡೆದುಕೊಳ್ಳುವಷ್ಟು ತಾಮ್ರವನ್ನೂ ಹವಳ, ಸಿಗಡಿ, ಬಸವನಹುಳು ತಡೆದುಕೊಳ್ಳವು. ಹಿತ್ತಾಳೆಯ ನಲ್ಲಿ, ತಿರುಪುಗಳೂ ನೀರಿಗೆ ತಾಗಬಾರದು.

ಉಪ್ಪಿನ ವಿಷಯ

"ಕಡಲ ಉಪ್ಪು ಕಿಲೋಗೆ ಕೆಲವೇ ರೂಪಾಯಿ. ಅದನ್ನೇ ನೀರಿಗೆ ಹಾಕಿದರೆ ಸಾಲದೇ?" ಬಹಳ ಮಂದಿ ಕೇಳುವ ಪ್ರಶ್ನೆ ಇದು, ಬುದ್ಧಿವಂತ ಪ್ರಶ್ನೆಯೂ ಹೌದು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ನೆನೆಸಿಕೊಳ್ಳಿ. ಕಡಲ ನೀರು ಬಿಸಿಲಿಗೆ ಆರುತ್ತಾ ಹೋದಂತೆ ಮೊದಲು ಸುಣ್ಣದ ಅಂಶ ತಳಕ್ಕಿಳಿಯುತ್ತದೆ, ಆಮೇಲೆ ಜಿಪ್ಸಂ, ಆಮೇಲೆಯೇ ನಾವು ತಿನ್ನುವ ಉಪ್ಪು. ಉಪ್ಪು ಬಾಚಿದ ಮೇಲೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ ಇರುತ್ತವೆ. ಅಂದರೆ ಹವಳಕ್ಕೆ ಬೇಕಾದ ಎರಡು ಮುಖ್ಯ ವಸ್ತುಗಳಾದ ಸುಣ್ಣ ಮತ್ತು ಮೆಗ್ನೀಸಿಯಂ ನಮ್ಮ ಉಪ್ಪಿನ ಹರಳಿಗೆ ಸೇರಿರುವುದೇ ಇಲ್ಲ. ಆ ಉಪ್ಪಿನ ನೀರಿನಲ್ಲಿ ಹವಳ ಗೂಡು ಕಟ್ಟಲಾರದು. ಅಕ್ವೇರಿಯಂಗೆಂದು ತಯಾರಿಸಿದ ಉಪ್ಪನ್ನೇ ಕೊಳ್ಳಬೇಕು.

ಆದರೆ ಎಷ್ಟು? ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. 100 ಲೀಟರಿಗೆ ಮೊದಲ ಸಲ 3.5ರಿಂದ 4 ಕಿಲೋ. ಆಮೇಲೆ ವಾರಕ್ಕೆ 10 ಲೀಟರು ನೀರು ಬದಲಿಸಿದರೆ ತಿಂಗಳಿಗೆ ಒಂದೂವರೆ ಕಿಲೋ ಮಾತ್ರ. ಮೀನು ಕಡಿಮೆಯಿದ್ದರೆ ಹದಿನೈದು ದಿನಕ್ಕೊಮ್ಮೆ ಬದಲಿಸಿದರೂ ನಡೆಯುತ್ತದೆ. ಖರ್ಚಿನ ಲಗಾಮು ಇರುವುದು ಮೀನಿನ ಸಂಖ್ಯೆಯಲ್ಲಿ! ಎರಡು ಕ್ಲೌನ್ ಮೀನಿಗೆ 100 ಲೀಟರು ಧಾರಾಳ. 2003ರಲ್ಲಿ ಬಂದ ನೀಮೋ ಸಿನಿಮಾದ ಆ ನೀಲಿ ಮೀನನ್ನು ಮಕ್ಕಳು ಬೇಕೆನ್ನುತ್ತಾರೆ. ಅದು ಒಂದಡಿಯ ತನಕ ಬೆಳೆಯುವ ಜಾತಿ, ಸಣ್ಣ ತೊಟ್ಟಿ ಅದಕ್ಕೆ ಸೆರೆಮನೆ.

ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದುದರಿಂದ ಕಡಿಮೆಯಾದಷ್ಟಕ್ಕೆ ಉಪ್ಪಿಲ್ಲದ ಶುದ್ಧ ನೀರು ಹಾಕಬೇಕು, ಪ್ರತಿ ದಿನ, ಗಾಜಿನ ಮೇಲೆ ಎಳೆದ ಗೆರೆಯವರೆಗೆ. ಈ ಒಂದು ಕೆಲಸಕ್ಕೆ ಜನ ಬೆಲೆಬಾಳುವ ಸ್ವಯಂಚಾಲಿತ ಉಪಕರಣ ಇಡುತ್ತಾರೆ. ಮನೆಯಲ್ಲಿ ದಿನಾ ಇರುವವನಿಗೆ ಒಂದು ಚೊಂಬು ಸಾಕು. ಆದರೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಉಳಿತಾಯ ಬೇಡ. ವಿದ್ಯುತ್ತಿನ ಸುರಕ್ಷತೆಯಲ್ಲಂತೂ ಖಂಡಿತ ಬೇಡ. ಉಪ್ಪು ನೀರು ಮತ್ತು ಕರೆಂಟು ಒಂದೇ ಕಡೆ ಇರುವ ಮನೆಯಲ್ಲಿ, ಸೋರಿಕೆಯಾದರೆ ತಕ್ಷಣ ಕರೆಂಟು ಕಡಿಯುವ ಸ್ವಿಚ್ಚು ಇರಲೇಬೇಕು. ತಂತಿಯನ್ನು ಪ್ಲಗ್ಗಿಗಿಂತ ಕೆಳಗೆ ಜೋಲು ಬಿಟ್ಟು ಮೇಲಕ್ಕೆ ತನ್ನಿ. ತಂತಿಗುಂಟ ಇಳಿದ ನೀರು ನೆಲಕ್ಕೆ ಬೀಳಲಿ.

ಸುಣ್ಣ, ಸೋಡಾ ಮತ್ತು ಸಿಗಡಿ

ಹವಳ ಬೆಳೆದಂತೆಲ್ಲ ನೀರಿನಲ್ಲಿರುವ ಸುಣ್ಣ ಖಾಲಿಯಾಗುತ್ತದೆ. ಕಡಲ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 420 ಮಿಲಿಗ್ರಾಂ, ಮೆಗ್ನೀಸಿಯಂ 1300 ಮಿಲಿಗ್ರಾಂ ಇರುತ್ತದೆ. ಕ್ಷಾರದ ಪ್ರಮಾಣವನ್ನು ಹವ್ಯಾಸಿಗಳು ಡಿಕೆಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದು 7ರಿಂದ 9ರೊಳಗೆ ಇದ್ದರೆ ಒಳ್ಳೆಯದು. ಇದನ್ನು ಕಾಪಾಡಲು ಅಂಗಡಿಯಲ್ಲಿ ಜೋಡಿ ಬಾಟಲಿಗಳು ಸಿಗುತ್ತವೆ. ಅವುಗಳಲ್ಲಿ ಬಹುಪಾಲು ನೀರೇ. ಒಂದರಲ್ಲಿ ಕರಗಿರುವುದು ಸೋಡಾ, ಇನ್ನೊಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್. ಅಮೆರಿಕದ ರಸಾಯನಶಾಸ್ತ್ರಜ್ಞ ರ‍್ಯಾಂಡಿ ಹೋಮ್ಸ್-ಫಾರ್ಲಿ ಎಂಬವರು ಇವನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆಯನ್ನು ಹವ್ಯಾಸಿಗಳಿಗೆ ಉಚಿತವಾಗಿ ತಿಳಿಸಿಕೊಟ್ಟಿದ್ದಾರೆ. 100 ಲೀಟರಿನ ತೊಟ್ಟಿಯಲ್ಲಿ ಕ್ಷಾರವನ್ನು 1 ಡಿಕೆಎಚ್ ಏರಿಸಲು ಅಡುಗೆ ಸೋಡಾ ಬೇಕಾದದ್ದು ಸುಮಾರು 3 ಗ್ರಾಂ, ಅಷ್ಟೇ. ಒಂದು ಲೋಟ ಶುದ್ಧ ನೀರಿನಲ್ಲಿ ಕರಗಿಸಿ ನೀರಿನ ಓಟ ಇರುವಲ್ಲಿ ನಿಧಾನ ಸುರಿಯಬೇಕು. ಒಂದು ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬಾರದು. ಬೇಕರಿಯವರು ಬಳಸುವ ಬೇಕಿಂಗ್ ಪೌಡರ್ ಬೇರೆ ವಸ್ತು. ಹೆಸರು ಕೇಳಿ ಮೋಸ ಹೋಗಬೇಡಿ.

ಇನ್ನೊಂದು ಉಪಾಯ ಸುಣ್ಣದ ತಿಳಿನೀರು. ದಿನವೂ ಆವಿಯಾದ ನೀರಿಗೆ ಬದಲು ಹಾಕುವ ನೀರಿನಲ್ಲೇ ಶುದ್ಧ ಸುಣ್ಣ ಕಲಸಿ, ತಳ ನಿಂತ ಮೇಲೆ ತಿಳಿಯನ್ನು ಮಾತ್ರ ಹನಿಹನಿಯಾಗಿ ಬಿಡುವುದು. ಜರ್ಮನಿಯ ಪೀಟರ್ ವಿಲ್ಕೆನ್ಸ್ ಇದನ್ನು ರೂಢಿಗೆ ತಂದರು. ಲೀಟರು ನೀರಿನಲ್ಲಿ ಕರಗುವುದೇ ಸುಮಾರು ಒಂದೂವರೆ ಗ್ರಾಂ. ಹವಳ ಕಡಿಮೆಯಿದ್ದರೆ ಅದರ ಕಾಲು ಭಾಗದಿಂದ ಆರಂಭಿಸಿ, ಕ್ಷಾರ ಅಳೆದು ನೋಡುತ್ತಾ ಹೋಗಬೇಕು. ಎಲೆ ಅಡಿಕೆಯ ಸುಣ್ಣ, ಗೋಡೆಯ ಸುಣ್ಣ ಬೇಡ. ಆಹಾರಕ್ಕೆ ಬಳಸುವ ಶುದ್ಧ ದರ್ಜೆಯದ್ದೇ ಆಗಬೇಕು. ಈ ನೀರು ತೀಕ್ಷ್ಣ. ಕಣ್ಣಿಗೆ ಹಾರಿದರೆ ಸುಡುತ್ತದೆ. ಮಕ್ಕಳ ಕೈಗೆ ಸಿಗದಂತೆ, ಕುಡಿಯುವ ನೀರೆಂದು ಯಾರೂ ತಪ್ಪು ತಿಳಿಯದಂತೆ ಹೆಸರು ಬರೆದಿಡಿ.

ಆಹಾರದ ಖರ್ಚಂತೂ ನಮ್ಮ ಕರಾವಳಿಯವರಿಗೆ ನಗು ತರಿಸುವಂಥದ್ದು. ಸಣ್ಣ ಡಬ್ಬಿಗಳಲ್ಲಿ ಹೆಪ್ಪುಗಟ್ಟಿಸಿ ಮಾರುವುದು ಬಹುಮಟ್ಟಿಗೆ ಸಿಗಡಿ, ಬೊಂಡಾಸ್, ಮೀನಿನ ಚೂರು. ಮನೆಗೆ ತಂದ ಹಸಿ ಸಿಗಡಿಯಲ್ಲಿ ನಾಲ್ಕನ್ನು, ಉಪ್ಪು ಖಾರ ತಾಗುವ ಮೊದಲೇ, ಬೇರೆ ತೆಗೆದು ತೊಳೆದು ಸಣ್ಣಗೆ ಕೊಚ್ಚಿ ಐಸ್ ತಟ್ಟೆಯಲ್ಲಿಟ್ಟರೆ ತಿಂಗಳಿಗಾಯಿತು. ಎರಡು ಮೀನಿಗೆ ದಿನಕ್ಕೆ ಒಂದು ಚಿಟಿಕೆ. ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟು. ಉಳಿದದ್ದು ಅಮೋನಿಯ ಆಗುತ್ತದೆ, ಆಮೇಲೆ ಪಾಚಿ ಆಗುತ್ತದೆ. ಅಜ್ಜಿಯರ ಕೈಗೆ ಮಾತ್ರ ಈ ಕೆಲಸ ಕೊಡಬೇಡಿ, "ಪಾಪ, ಹಸಿದಿವೆ" ಎಂದು ದಿನಕ್ಕೆ ಐದು ಸಲ ಹಾಕುತ್ತಾರೆ! ಹಾಗೂ ನೈಟ್ರೇಟ್ ಏರಿದರೆ, ಕೆಳಗಿನ ಇನ್ನೊಂದು ಹಳೆಯ ತೊಟ್ಟಿಯಲ್ಲಿ ಕಡಲ ಸಸ್ಯದ ಒಂದು ಗೊಂಚಲಿಟ್ಟು ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಉರಿಸಿ. ಸಸ್ಯ ಬೆಳೆಯುತ್ತಾ ಕೊಳೆಯನ್ನು ಹೀರುತ್ತದೆ. ಬೆಳೆದದ್ದನ್ನು ಕಿತ್ತು ತೆಂಗಿನ ಬುಡಕ್ಕೆ ಹಾಕಬಹುದು.

ವಿದ್ಯುತ್ತಿನ ಲೆಕ್ಕವನ್ನು ನೀವೇ ಮಾಡಿಕೊಳ್ಳಿ. 100 ವ್ಯಾಟಿನ ದೀಪ 10 ಗಂಟೆ ಉರಿದರೆ ದಿನಕ್ಕೆ 1 ಯೂನಿಟ್, ತಿಂಗಳಿಗೆ 30. 15 ವ್ಯಾಟಿನ ಪಂಪು ಹಗಲಿರುಳು ಓಡಿದರೆ ತಿಂಗಳಿಗೆ ಸುಮಾರು 11. ನೀರು ತಣ್ಣಗೆ ಮಾಡುವ 250 ವ್ಯಾಟಿನ ಚಿಲ್ಲರ್ ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 90! ಬಿಲ್ಲು ಏರಿಸುವವನು ಯಾರೆಂದು ಗೊತ್ತಾಯಿತಲ್ಲವೇ? ಪಡುವಣ ಬಿಸಿಲು ಬೀಳುವ ಗೋಡೆಯಿಂದ ದೂರ, ಮನೆಯ ತಂಪು ಕೋಣೆಯಲ್ಲಿ ತೊಟ್ಟಿ ಇಡಿ. ದೀಪವನ್ನು ಮಧ್ಯಾಹ್ನದ ಬದಲು ಸಂಜೆಯಿಂದ ಉರಿಸಿ. ನೀರಿನ ಮೇಲ್ಮೈಗೆ ಬೀಸುವ ಸಣ್ಣ ಫ್ಯಾನು 2-3 ಡಿಗ್ರಿ ಇಳಿಸುತ್ತದೆ. ಒಣ ಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಏಪ್ರಿಲ್ ಮೇ ತಿಂಗಳ ನಮ್ಮ ಕರಾವಳಿಯ ತೇವದ ಸೆಕೆಯಲ್ಲಿ ಅಷ್ಟು ಫಲವಿಲ್ಲ.

ಅಗ್ಗದ ಮೀನಿನ ಬೆಲೆ

ಈಗ ಹೇಳುವ ವಿಷಯ ನನಗೆ ಉಳಿದೆಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಒಂದೇ ಜಾತಿಯ ಮೀನು ಒಂದು ಕಡೆ ದುಬಾರಿ, ಇನ್ನೊಂದು ಕಡೆ ಅಗ್ಗ ಏಕೆ? ಫಿಲಿಪ್ಪೀನ್ಸ್ ನಮ್ಮ ಹಾಗೆಯೇ ಕಥೋಲಿಕರಿರುವ, ನಮಗಿಂತ ಎಷ್ಟೋ ಪಾಲು ಹೆಚ್ಚು ಇರುವ ನಾಡು. ಅಕ್ವೇರಿಯಂ ಮೀನಿನ ವ್ಯಾಪಾರದಲ್ಲಿ ದೊಡ್ಡ ಹೆಸರು. ಅಲ್ಲಿ 1960ರ ದಶಕದಿಂದ ಒಂದು ಕೆಟ್ಟ ರೂಢಿ ಬೇರೂರಿತು. ಮುಳುಗುಗಾರ ಸೋಡಿಯಂ ಸಯನೈಡ್ ವಿಷವನ್ನು ನೀರಿನಲ್ಲಿ ಕರಗಿಸಿ ಹವಳದ ಸಂದಿಗೆ ಚಿಮ್ಮಿಸುತ್ತಾನೆ. ಮೀನು ಮಂಪರಿನಲ್ಲಿ ಕೈಗೆ ಸಿಗುತ್ತದೆ. ಬಲೆ ಹಿಡಿದು ಕಾಯುವ ಶ್ರಮವಿಲ್ಲ, ಹಾಗಾಗಿ ಅಗ್ಗ. ಆದರೆ ವಿಷ ತಾಗಿದ ಹವಳ ಸಾಯುತ್ತದೆ. ಬದುಕಿ ಬಂದ ಮೀನು ಅಂಗಡಿಯಲ್ಲಿ ಚೆಂದ ಕಂಡರೂ ಅನೇಕ ವೇಳೆ ದಿನಗಳಲ್ಲಿ, ವಾರಗಳಲ್ಲಿ ಸಾಯುತ್ತದೆ. ಕಾನೂನು ಇದನ್ನು ನಿಷೇಧಿಸಿದ್ದರೂ ಪೂರ್ತಿ ನಿಂತಿಲ್ಲ. ಆ ನಾಡಿನ ಧರ್ಮಾಧ್ಯಕ್ಷರು 1988ರಲ್ಲಿ ತಮ್ಮ ನೆಲ ಜಲಗಳ ನಾಶದ ಬಗ್ಗೆ ಪಾಲನಾ ಪತ್ರ ಬರೆದು, ಕಡಲಿನ ಅದ್ಭುತ ಲೋಕವನ್ನು ಹಾಳು ಮಾಡಿದವರು ಯಾರು ಎಂದು ನೊಂದು ಕೇಳಿದರು. ದಿವಂಗತ ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸಿ' ವಿಶ್ವಪತ್ರದ 41ನೇ ಪರಿಚ್ಛೇದದಲ್ಲಿ ಹವಳದ ದಿಬ್ಬಗಳ ಕುರಿತು ಹೇಳುವಾಗ ಆ ಪ್ರಶ್ನೆಯನ್ನೇ ಮತ್ತೆ ಎತ್ತಿದರು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಮೀನು ಆರಿಸುವಾಗ ನಾವೂ ಆ ಪ್ರಶ್ನೆಯ ಎದುರು ನಿಂತಿರುತ್ತೇವೆ.

ಹಾಗಾದರೆ ಏನು ಕೊಳ್ಳಬೇಕು? ಸಾಕಣೆಯಲ್ಲೇ ಹುಟ್ಟಿದ ಮೀನು. ಕೊಚ್ಚಿಯಲ್ಲಿ ಮುಖ್ಯ ಕಚೇರಿಯುಳ್ಳ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿ ಮರಿ ಮಾಡಿಸುವ ತಂತ್ರವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಮಹಿಳೆಯರು ಅಲಂಕಾರಿಕ ಸಿಗಡಿ ಬೆಳೆಸಿ ಸಂಪಾದಿಸುತ್ತಿದ್ದಾರೆ. ತೊಟ್ಟಿಯಲ್ಲಿ ಹುಟ್ಟಿದ ಕ್ಲೌನ್ ಮೀನಿಗೆ ಬೆಲೆ ತುಸು ಹೆಚ್ಚಾದರೂ ಅದು ಒಣ ಕಾಳಿನ ಆಹಾರವನ್ನೂ ತಿನ್ನುತ್ತದೆ, ಸರಿಯಾಗಿ ನೋಡಿಕೊಂಡರೆ 10 ವರ್ಷ ಮೀರಿ ಬದುಕುತ್ತದೆ. ತಿಂಗಳಿಗೊಮ್ಮೆ ಸಾಯುವ ಅಗ್ಗದ ಮೀನಿನೊಡನೆ ಹೋಲಿಸಿ ನೋಡಿ. ಹೊಸ ಮೀನನ್ನು ನೇರ ತೊಟ್ಟಿಗೆ ಬಿಡದೆ, ಬೇರೆ ಟಬ್ಬಿನಲ್ಲಿ ಸ್ಪಂಜಿನ ಶೋಧಕ ಹಾಕಿ 4ರಿಂದ 6 ವಾರ ಇಟ್ಟು ರೋಗವಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಬಿಳಿ ಚುಕ್ಕೆ ರೋಗ ಒಮ್ಮೆ ದೊಡ್ಡ ತೊಟ್ಟಿಗೆ ಹೊಕ್ಕರೆ ಮೀನುಗಳನ್ನೆಲ್ಲ ಹೊರ ತೆಗೆದು 10-11 ವಾರ ಖಾಲಿ ಬಿಡಬೇಕಾಗುತ್ತದೆ.

ಹೊರದೇಶದಲ್ಲಿರುವ ಹಿರಿಯ ಮಗ, ಅಲ್ಲಿನ ಕಾನೂನು ಒಪ್ಪುವ, ಕಾಗದಪತ್ರವಿರುವ, ತೊಟ್ಟಿಯಲ್ಲೇ ಬೆಳೆಸಿದ ಹವಳದ ತುಂಡುಗಳನ್ನು ಮಾತ್ರ ಕೊಳ್ಳಲಿ. ಬೆರಳಷ್ಟು ದೊಡ್ಡ ತುಂಡು ಸಾಕು. ಒಂದೆರಡು ವರ್ಷದಲ್ಲಿ ಅದೇ ಬೆಳೆದು, ಮುರಿದು ಇತರ ಹವ್ಯಾಸಿಗಳೊಡನೆ ವಿನಿಮಯ ಮಾಡುವಷ್ಟಾಗುತ್ತದೆ.

ಊರಿನಲ್ಲಿರುವ ಚಿಕ್ಕವನ ದಾರಿ ಬೇರೆ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂಥ ಸೀ ಫ್ಯಾನ್‌ಗಳು, ಕಡಲ ಕುದುರೆಗಳು ಸೇರಿದವು. ಹುಲಿ ಇರುವ ಪಟ್ಟಿಯೇ ಅದು. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋದವರು ಅಲ್ಲಿನ ಹವಳದ ಒಂದು ತುಂಡು ತಂದರೂ ಅಪರಾಧವೇ. ಸತ್ತ ಹವಳವೂ ಬೇಡ. ಯಾರೋ ಅಂಗಡಿಯವ "ಏನೂ ಆಗುವುದಿಲ್ಲ" ಎಂದು ಕೊಟ್ಟರೆ, ಜೈಲಿಗೆ ಹೋಗಬೇಕಾದವರು ಕೊಂಡವರೂ ಹೌದು.

ಆದರೂ ಅವನ ಆಸೆ ಪೂರ್ತಿ ಬಿಡಬೇಕಾಗಿಲ್ಲ. ಸಾಕಣೆಯ ಎರಡು ಕ್ಲೌನ್ ಮೀನು ಮತ್ತು ಕೈಯಿಂದ ಮಾಡಿದ ಬಂಡೆಗಳಿಂದ ಸುಂದರ ತೊಟ್ಟಿ ಆಗುತ್ತದೆ. ಅಡುಗೆ ಮನೆಯಲ್ಲಿ ಉಳಿದ ಮರುವಾಯಿ ಚಿಪ್ಪುಗಳನ್ನು ತೊಳೆದು, ಒಣಗಿಸಿ, ಜಜ್ಜಿ, ಮೂರು ನಾಲ್ಕು ಪಾಲು ಚಿಪ್ಪಿಗೆ ಒಂದು ಪಾಲು ಸಿಮೆಂಟು ಸೇರಿಸಿ ಗಟ್ಟಿಯಾಗಿ ಕಲಸಬೇಕು. ನಡುನಡುವೆ ಕಲ್ಲುಪ್ಪಿನ ಹರಳು ಹಾಕಿದರೆ ಅದು ಆಮೇಲೆ ಕರಗಿ ತೂತುಗಳಾಗುತ್ತವೆ. ಜೀವಾಣು ನೆಲೆಸಲು ಅವೇ ಮನೆ. ಒದ್ದೆ ಮರಳಿನಲ್ಲಿ ಗುಣಿ ತೋಡಿ ಈ ಮುದ್ದೆಯನ್ನು ಸುರಿದರೆ ಬಂಡೆಯ ಆಕಾರ ಬರುತ್ತದೆ. ಗಟ್ಟಿಯಾದ ಮೇಲೆ ಸಿಹಿ ನೀರಿನ ಟಬ್ಬಿನಲ್ಲಿ ಮುಳುಗಿಸಿ, ಕೆಲವು ದಿನಕ್ಕೊಮ್ಮೆ ನೀರು ಬದಲಿಸುತ್ತಾ ಒಂದರಿಂದ ಎರಡು ತಿಂಗಳು ಬಿಡಬೇಕು. ಸಿಮೆಂಟಿನ ಖಾರ ಇಳಿಯುವ ತನಕ ಮೀನಿಗೆ ಅಪಾಯ.

ನೀರನ್ನು ಅವನು ಕಡಲಿನಿಂದಲೇ ತರಬಹುದು. ಉಪ್ಪಿನ ಖರ್ಚು ಪೂರ್ತಿ ಉಳಿಯಿತು. ಆದರೆ ನದಿ ಕಡಲು ಸೇರುವ ಅಳಿವೆಯಿಂದ, ಬಂದರಿನಿಂದ ದೂರದ ನೀರಾಗಬೇಕು, ಭರತದ ಹೊತ್ತಿನಲ್ಲಿ ತೆಗೆಯಬೇಕು. ಜೂನಿನಿಂದ ಸೆಪ್ಟೆಂಬರಿನ ತನಕ ಹೊಳೆಯ ನೀರು, ಕೆಸರು ಸೇರಿ ಉಪ್ಪಿನಂಶ ಇಳಿದಿರುತ್ತದೆ. ಆ ನಾಲ್ಕು ತಿಂಗಳ ನೀರು ಬೇಡ. ಮೇ ತಿಂಗಳಲ್ಲಿ, ಮೊದಲ ಮಳೆಗೆ ಮುಂಚೆ, ಮಂದ ಬಟ್ಟೆಯಲ್ಲಿ ಸೋಸಿ, ಆಹಾರ ದರ್ಜೆಯ ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿ, ಕತ್ತಲೆ ಕೋಣೆಯಲ್ಲಿ ಎರಡು ಮೂರು ವಾರ ಅಲುಗಾಡಿಸದೆ ಬಿಟ್ಟು, ತಳದ ಕೆಸರನ್ನು ಬಿಟ್ಟು ಮೇಲಿನದ್ದನ್ನು ಮಾತ್ರ ಬಳಸಲಿ. ವಾರಕ್ಕೆ 10 ಲೀಟರಿನಂತೆ, 200 ಲೀಟರಿನ ಒಂದು ಡ್ರಮ್ಮು ಮಳೆಗಾಲ ಕಳೆಯುವಷ್ಟಕ್ಕೆ ಸಾಕು.